ತೂಕದ ಡಾಕ್ಟರ ಮೇಲೆ ನಾಗಲಿಂಗಮ್ಮ ಹೂಡಿದ ದಾವೆ

ಕೊಟ್ಟೂರಿನ ಬಸ್ ನಿಲ್ದಾಣದ ಎದುರು ಮಂಡಕ್ಕಿ, ಮಿರ್ಚಿ ಮಾರುತ್ತಿದ್ದ ನಾಗಲಿಂಗಮ್ಮ ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ಕಡಲೆಹಿಟ್ಟಿನ ಚೀಲ ಬಂದರೆ ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ ಚಪ್ಪರಿಸಿ, "ಬಟಾಣಿ ಬೆರಸ್ಯಾನ, ವಾಪಸ್ ಒಯ್ಯಿ" ಎನ್ನುತ್ತಿದ್ದಳು. ಎಣ್ಣೆಯ ಡಬ್ಬಿಯ ಮುಚ್ಚಳ ಕಣ್ಣೆದುರಿಗೇ ಒಡೆಯಬೇಕು. ಮೆಣಸಿನಕಾಯಿ ಮಾರುವವನು ಮೇಲೆ ಚಂದದವನ್ನಿಟ್ಟು ಕೆಳಗೆ ಬಾಡಿದ್ದನ್ನು ತುಂಬಿದ್ದರೆ ಬುಟ್ಟಿಯನ್ನೇ ಬೋರಲು ಹಾಕುವಳು. ಗಂಡ ಗುರುಶಾಂತಪ್ಪ ಹೆಚ್ಚು ಮಾತಿನವನಲ್ಲ, ಬಾಣಲೆಯ ಮುಂದೆ ನಿಂತು ಮಿರ್ಚಿ ಕರಿಯುವುದು, ಹೆಂಡತಿ ಜಗಳವಾಡುವಾಗ ತಲೆ ತಗ್ಗಿಸಿಕೊಂಡಿರುವುದು ಅವನ ಕೆಲಸ. ಹಾಗಿದ್ದವಳು ಒಬ್ಬ ಡಾಕ್ಟರನ್ನು ಮಾತ್ರ ಹೇಗೆ ಕಣ್ಣುಮುಚ್ಚಿ ನಂಬಿದಳೋ, ಅವಳಿಗೇ ಕೊನೆಯವರೆಗೂ ಅರ್ಥವಾಗಲಿಲ್ಲ.

ಶುರುವಾಗಿದ್ದು ಒಂದು ಮದುವೆಯ ವಿಡಿಯೊದಿಂದ. ಹಡಗಲಿಯಲ್ಲಿ ತಂಗಿಯ ಮಗಳ ಮದುವೆಯಾಗಿ ತಿಂಗಳೊಪ್ಪತ್ತಿನ ಮೇಲೆ ಕ್ಯಾಸೆಟ್ ಬಂತು. ಬಾಡಿಗೆಗೆ ವಿಸಿಪಿ ತಂದು, ನೆಂಟರೆಲ್ಲ ಪಡಸಾಲೆಯಲ್ಲಿ ಕೂತು ನೋಡುತ್ತಿದ್ದರು. ಅಕ್ಷತೆ ಹಾಕುವ ಹೊತ್ತಿಗೆ ಸರಿಯಾಗಿ ಮದುಮಕ್ಕಳೇ ಕಾಣದ ಹಾಗೆ ಒಂದು ಹಸಿರು ಸೀರೆಯ ಬೆನ್ನು ತೆರೆ ತುಂಬ ನಿಂತುಬಿಟ್ಟಿತು. ಯಾವುದೋ ಮಗು, "ಯಾರದು, ಸರೀರಿ ಅನ್ರಿ" ಎಂದು ಕೂಗಿತು. ಎಲ್ಲರೂ ನಕ್ಕರು. ನಾಗಲಿಂಗಮ್ಮನೂ ನಕ್ಕಳು. ತನ್ನ ಬೆನ್ನನ್ನು ಅವಳು ನೋಡಿದ್ದು ಅದೇ ಮೊದಲು.

ಮೊದಲೇ ಮಂಡಿ ನೋವು ಇತ್ತು. ದಿನವಿಡೀ ನಿಂತು ಮಾಡುವ ಕೆಲಸ. "ತೂಕ ಇಳಿಸು" ಎಂದು ಊರಿನ ಡಾಕ್ಟರು ಹೇಳಿಯೂ ಇದ್ದರು. ಹೇಗೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಹಾಗೆ ಹೇಳುವವನೊಬ್ಬ ಹರಪನಹಳ್ಳಿಯಲ್ಲಿ ಇದ್ದಾನೆಂದು ತಿಳಿಸಿದವಳು ಪಕ್ಕದ ಬಳೆ ಅಂಗಡಿಯ ಶಹಜಾನಬಿ. ಅವಳೂ ದಪ್ಪವೇ, ಆದರೆ ಅದನ್ನು ತಲೆಗೆ ಹಚ್ಚಿಕೊಂಡವಳಲ್ಲ. "ನಮ್ಮ ನಾದಿನಿ ಹೋಗಿ ಬಂದಾಳ ನಾಗಕ್ಕ. ಈಕಿ ಜುಬೇದಾನ ಹೌದೋ ಅಲ್ಲೋ ಅನ್ನಂಗ ಆಗ್ಯಾಳ" ಎಂದಳು.

ಊರಲ್ಲೆಲ್ಲ ಅವನನ್ನು "ತೂಕದ ಡಾಕ್ಟ್ರು" ಎನ್ನುತ್ತಿದ್ದರು. ಎಲ್ಲಿಂದಲೋ ಬಂದು, ಬಾಡಿಗೆಯ ಮಾಳಿಗೆಯಲ್ಲಿ ಬೋರ್ಡು ಹಾಕಿದ್ದ. ಬೋರ್ಡಿನಲ್ಲಿ ಒಂದೇ ಹೆಂಗಸಿನ ಎರಡು ಚಿತ್ರ, ಒಂದು ಗುಡಾಣದಂತೆ, ಇನ್ನೊಂದು ಬಳ್ಳಿಯಂತೆ. ಒಳಗೆ ಮಿಂಚುವ ತೂಕದ ಯಂತ್ರ. ಬಿಳಿ ಕೋಟಿನ ಆ ಮನುಷ್ಯ ತಾಳ್ಮೆಯಿಂದ ಕೇಳಿಸಿಕೊಂಡು, "ಬರೀ ಬೇರು, ಎಲೆ, ತೊಗಟೆ ಅಮ್ಮ. ನಮ್ಮ ಋಷಿಗಳ ಕಾಲದ್ದು. ಹಸಿವು ತಾನಾಗೇ ಹದಕ್ಕೆ ಬರುತ್ತೆ" ಎಂದ. ಅರ್ಧ ಹಳದಿ, ಅರ್ಧ ಕಂದು ಬಣ್ಣದ ಕ್ಯಾಪ್ಸೂಲುಗಳನ್ನು ಒಂದು ಬಿಳಿ ಡಬ್ಬಿಗೆ ಸುರಿದು ಕೊಟ್ಟ. ಡಬ್ಬಿಯ ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಕಡಲೆಹಿಟ್ಟನ್ನು ನಾಲಿಗೆಗಿಟ್ಟು ನೋಡುತ್ತಿದ್ದವಳು ಅದೇನೆಂದು ಕೇಳಲೂ ಇಲ್ಲ.

ಔಷಧಿ ಕೆಲಸ ಮಾಡಿತು, ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಎದುರಿಗೆ ಬಿಸಿ ಮಿರ್ಚಿ ಇದ್ದರೂ ಬಾಯಿಗೆ ಬೇಡವಾಯಿತು. ಬಾಯಿ ಸದಾ ಒಣಗುತ್ತಿತ್ತು, ಎದೆ ಆಗಾಗ ಡವಡವ ಎನ್ನುತ್ತಿತ್ತು, ಆದರೆ ಕುಪ್ಪಸಗಳು ಸಡಿಲವಾಗುತ್ತಿದ್ದವು. ಮಗಳು ಗೀತಾಂಜಲಿ ಪಿಯುಸಿ ಓದುತ್ತಿದ್ದಳು. ತನ್ನ ಬಳೆಗಳನ್ನೇ ಅವ್ವನ ಕೈಗೆ ತೊಡಿಸಿ ನೋಡಿ ಚಪ್ಪಾಳೆ ತಟ್ಟಿದಳು. ಬಸ್ಸಿನ ಏಜೆಂಟ್ ದುರುಗಪ್ಪ, "ಯಾರು ಹೊಸಬ್ರು ಅಂಗಡ್ಯಾಗ ಅಂತ ನೋಡಿದ್ನಿ" ಎಂದು ಚೇಷ್ಟೆ ಮಾಡಿದ. ಆ ಒಂದು ವರ್ಷ ನಾಗಲಿಂಗಮ್ಮನಿಗೆ ಕನ್ನಡಿಯ ಮುಂದೆ ನಿಲ್ಲುವುದು ಇಷ್ಟವಾಗಿತ್ತು.

ಆಮೇಲೆ ನೀರಿನ ಕೊಡ ಎತ್ತಿದರೆ ಉಸಿರು ಸಿಗದಾಯಿತು. ಸಂಜೆಗೆ ಪಾದ ಊದುವುದು, ಬೆರಳೊತ್ತಿದರೆ ಗುಳಿ ಬೀಳುವುದು. ಮಲಗಿದರೆ ಎದೆಯ ಮೇಲೆ ಯಾರೋ ಕೂತಂತೆ. ಮೊದಲು ಎಣ್ಣೆಯ ಹೊಗೆಯ ಮೇಲೆ ಅನುಮಾನಪಟ್ಟಳು. ಆಮೇಲೆ ಬಾವಿ ನೀರಿನ ಮೇಲೆ. ಯಾರಾದರೂ ಕಣ್ಣು ಹಾಕಿದರೇನೋ ಎಂದು ದೃಷ್ಟಿ ತೆಗೆಸಿದಳು. ಎಲ್ಲರ ಮೇಲೂ ಅನುಮಾನ ಬಂತು, ಆ ಡಬ್ಬಿಯ ಮೇಲೊಂದು ಬರಲಿಲ್ಲ.

ಹರಪನಹಳ್ಳಿಗೆ ಹೋದಾಗ ತೂಕದ ಡಾಕ್ಟರಿಗೇ ಹೇಳಿದಳು. ಅವನು ಅವಳ ಕಾಲು ನೋಡಿದ. ಮುಖದ ಬಣ್ಣ ಒಂದು ಗಳಿಗೆ ಬದಲಾಯಿತು.

"ಚಹಾ ಜಾಸ್ತಿ ಕುಡೀತೀರಿ, ಅದಕ್ಕೆ. ಒಂದು ಕೆಲಸ ಮಾಡಿ, ಮನೇಲಿ ಉಳಿದಿರೋ ಕ್ಯಾಪ್ಸೂಲ್ ಎಲ್ಲ ತಂದುಕೊಡಿ. ಬೇರೆ ಕೊಡ್ತೀನಿ."

"ಯಾಕ್ರಿ? ಇವೇನಾಗ್ಯಾವ?"

"ಏನೂ ಆಗಿಲ್ಲ. ಹಳೇದಾದ್ರೆ ಗುಣ ಕಮ್ಮಿ."

ಡಬ್ಬಿ ಅವಳ ಕೈಚೀಲದಲ್ಲೇ ಇತ್ತು. ಆ ಕ್ಷಣದಲ್ಲಿ ಒಳಗಿನ ಹಳೆಯ ನಾಗಲಿಂಗಮ್ಮ ಎಚ್ಚರಗೊಂಡಳು. ಮಾರಿದ ಮಾಲನ್ನು ಕೇಳದೆಯೇ ವಾಪಸು ಪಡೆಯುವ ವ್ಯಾಪಾರಿಯನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ.

"ಖಾಲಿ ಆಗ್ಯಾವ್ರಿ" ಎಂದು ಹೇಳಿ, ಚೀಲವನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು.

ಗುರುಶಾಂತಪ್ಪ ಮರುದಿನವೇ ಅವಳನ್ನು ದಾವಣಗೆರೆಗೆ ಕರೆದೊಯ್ದ. ಆಸ್ಪತ್ರೆಯ ಲೇಡಿ ಡಾಕ್ಟರು ಎದೆಯ ಮೇಲೆ ತಣ್ಣನೆಯ ಅಂಟು ಸವರಿ ಯಂತ್ರದ ತೆರೆಯಲ್ಲಿ ಹೃದಯವನ್ನು ನೋಡಿದರು. ಹೃದಯದೊಳಗೆ ಕವಾಟಗಳೆಂಬ ಬಾಗಿಲುಗಳಿರುತ್ತವೆ, ನಿನ್ನದೊಂದು ಸರಿಯಾಗಿ ಮುಚ್ಚುತ್ತಿಲ್ಲ, ಹೋದ ರಕ್ತ ಹಿಂದಕ್ಕೆ ಬರುತ್ತಿದೆ ಎಂದು ಬಿಡಿಸಿ ಹೇಳಿದರು. ಚಿಕ್ಕಂದಿನಲ್ಲಿ ಕೀಲು ಊದಿ ಜ್ವರ ಬಂದಿತ್ತೇ, ಅದರಿಂದಲೂ ಹೀಗಾಗುವುದುಂಟು ಎಂದು ಕೇಳಿದರು. ನಾಗಲಿಂಗಮ್ಮನಿಗೆ ನೆನಪಿರಲಿಲ್ಲ, ಹೇಳಬೇಕಾದ ತಾಯಿ ಬದುಕಿರಲಿಲ್ಲ. ಬೇರೆ ಏನಾದರೂ ಗುಳಿಗೆ ತಗೊಂಡಿದ್ದೀಯಾ ಎಂದಾಗ ಡಬ್ಬಿ ಹೊರಗೆ ಬಂತು.

ಡಾಕ್ಟರು ಕ್ಯಾಪ್ಸೂಲೊಂದನ್ನು ಬಿಚ್ಚಿ ಪುಡಿಯನ್ನು ಕಾಗದದ ಮೇಲೆ ಉದುರಿಸಿದರು. ಕಂದು ಪುಡಿಯ ನಡುವೆ ಬಿಳಿಯ ಪುಡಿಯೂ ಇತ್ತು. "ಹಸಿವು ಸಾಯಿಸೋ ಒಂದು ಔಷಧಿ ಇತ್ತಮ್ಮ. ಕವಾಟ ಕೆಡುತ್ತೆ ಅಂತ ಹೊರದೇಶದಲ್ಲಿ ವಾಪಸ್ ತಗೊಂಡ್ರು, ಸಾವಿರಾರು ಜನ ಕೋರ್ಟಿಗೆ ಹೋದ್ರು. ಇದರಲ್ಲಿ ಅದೇ ಇದೆ ಅಂತ ನಾನು ಹೇಳೋದಿಲ್ಲ. ಆದರೆ ಈ ಡಬ್ಬೀನ ಬಿಸಾಕಬೇಡ."

ಸಾವಿರಾರು ಜನ ಕೋರ್ಟಿಗೆ ಹೋದರು ಎಂಬ ಮಾತು ಅವಳ ಕಿವಿಯಲ್ಲಿ ಉಳಿಯಿತು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದವಳು, ಹರಪನಹಳ್ಳಿ ದಾಟುವಾಗ ಗಂಡನಿಗೆ ಹೇಳಿದಳು: "ನಾನೊಬ್ಬಾಕಿ ಹೋಗಬಾರದೇನು?"

ಪ್ರವೀಣಕುಮಾರ್ ಎಂಬ ಚಿಕ್ಕ ವಯಸ್ಸಿನ ವಕೀಲ ದಾವಣಗೆರೆಯ ಗ್ರಾಹಕರ ವೇದಿಕೆಯಲ್ಲಿ ದೂರು ದಾಖಲಿಸಿದ. ಮುಚ್ಚಿ ಮೊಹರು ಹಾಕಿದ ಡಬ್ಬಿಯನ್ನು ವೇದಿಕೆಯ ವಶಕ್ಕೆ ಕೊಟ್ಟು, ಪ್ರಯೋಗಾಲಯಕ್ಕೆ ಕಳಿಸಬೇಕೆಂದು ಕೇಳಿದ. ಎದುರು ಕಡೆಯ ಉತ್ತರವನ್ನು ಅವನು ನಾಗಲಿಂಗಮ್ಮನಿಗೆ ಓದಿ ಹೇಳಿದ. ಈ ಹೆಂಗಸು ನಮ್ಮಲ್ಲಿಗೆ ಒಮ್ಮೆ ಬಂದಿರಬಹುದು. ನಾವು ಊಟದ ಪಥ್ಯ ಹೇಳುತ್ತೇವೆಯೇ ಹೊರತು ಯಾರಿಗೂ ಔಷಧಿ ಕೊಡುವುದೇ ಇಲ್ಲ. ಡಬ್ಬಿ ಎಲ್ಲಿಂದ ತಂದಳೋ ಗೊತ್ತಿಲ್ಲ. ಕಾಯಿಲೆ ಬಾಲ್ಯದ ಜ್ವರದ್ದಿರಬೇಕು. ಹೀಗಿತ್ತು ತೂಕದ ಡಾಕ್ಟರು ಆಣೆ ಮಾಡಿ ಸಹಿ ಹಾಕಿದ್ದ ಆ ಪ್ರಮಾಣಪತ್ರ.

"ನಾನು ಸುಳ್ಳುಗಾತಿ ಆದ್ನಾ?" ಎಂದಳು.

"ನೀವು ಹೋಗಿದ್ದು ನೋಡಿದೋರು ಯಾರಾದ್ರೂ ಸಾಕ್ಷಿ ಹೇಳ್ಬೇಕಮ್ಮ" ಎಂದ ವಕೀಲ.

ಅವತ್ತಿನಿಂದ ಅವಳ ಅನುಮಾನಕ್ಕೆ ಲಗಾಮಿಲ್ಲವಾಯಿತು. ಶಹಜಾನಬಿಯ ನಾದಿನಿ ಸಾಕ್ಷಿಗೆ ಬರುವುದಿಲ್ಲವೆಂದಳು, ಮದುವೆಗೆ ಬಂದ ಹುಡುಗಿಗೆ ಕೋರ್ಟು ಯಾಕೆ ಎಂದು ಅವಳ ಮನೆಯವರೂ ಬೇಡವೆಂದರು. ಹೆದರಿಸಿದ್ದಾರೆಯೇ, ಕೊಂಡುಕೊಂಡಿದ್ದಾರೆಯೇ? ಹಾಗೆ ಯೋಚಿಸುತ್ತಿರುವಾಗಲೇ ಪ್ರವೀಣಕುಮಾರ್ ಎದುರು ವಕೀಲರ ಜೊತೆ ಚಹಾ ಕುಡಿಯುತ್ತ ನಗುತ್ತಿದ್ದುದನ್ನು ಕಣ್ಣಾರೆ ಕಂಡಳು. "ಒಂದೇ ಕ್ಯಾಂಟೀನ್ ಇರೋದು ಅಮ್ಮ" ಎಂದು ಅವನು ನಕ್ಕುಬಿಟ್ಟ. ಆ ನಗುವೂ ಸರಿಬರಲಿಲ್ಲ. ಅಂಗಡಿಗೆ ಬಂದ ಅಪರಿಚಿತನೊಬ್ಬ ಮಿರ್ಚಿ ತಿಂದು, "ರಾಜಿ ಆದ್ರ ಎಲ್ಲರಿಗೂ ಚಲೋ ಅಲ್ರಿ" ಎಂದು ಗುರುಶಾಂತಪ್ಪನ ಕಿವಿಯಲ್ಲಿ ಹೇಳಿ ಹೋದ. ಗುರುಶಾಂತಪ್ಪ ಅವನನ್ನು ಬೈಯಲಿಲ್ಲ. ಬೈಯಲಿಲ್ಲ ಯಾಕೆ?

ಅದೇ ವಾರ ದುರುಗಪ್ಪ ಮಾತಿಗೆ ಮಾತು ಬಂದು ಹೇಳಿದ: "ಯಜಮಾನ್ರು ಮತ್ತ ಹರಪನಹಳ್ಳಿ ಕಡೆ ಹೊಂಟಿದ್ರಲ್ಲ ಮೊನ್ನಿ. ಬಳಿ ಅಂಗಡಿ ಶಹಜಾನಕ್ಕನೂ ಇದ್ಲು. ಏನರ ಮದುವಿ ಗಿದುವಿ ಐತೇನು?"

ಗುರುಶಾಂತಪ್ಪ ಮೊನ್ನೆ ಕೂಡ್ಲಿಗಿಗೆ ಎಣ್ಣೆ ವಿಚಾರಿಸಲು ಹೋಗುತ್ತೇನೆಂದು ಹೇಳಿ ಹೋಗಿದ್ದ. ಶಹಜಾನಬಿ ಅಂಗಡಿಗೆ ಬೀಗ ಹಾಕಿ, ತವರಿಗೆ ಹೋಗಿದ್ದೆ ಎಂದಿದ್ದಳು.

ನಾಗಲಿಂಗಮ್ಮ ಕೇಳುವ ಬದಲು ಇಬ್ಬರ ಮೇಲೂ ಕಣ್ಣಿಟ್ಟಳು. ಗಂಡ ತಟ್ಟೆಗೆ ಅನ್ನ ಬಡಿಸಿ ಮುಂದಿಟ್ಟರೆ ಅವನು ಉಣ್ಣುವವರೆಗೆ ಕೈ ಹಾಕಲಿಲ್ಲ. ಶಹಜಾನಬಿ ಎಂದಿನಂತೆ ಚಹಾ ತಂದರೆ, "ಬಿಸಿ ಐತಿ, ಆರ್ಲಿ" ಎಂದು ಬದಿಗಿಟ್ಟು ಅವಳು ಹೋದ ಮೇಲೆ ಮೋರಿಗೆ ಸುರಿದಳು. ಅವಳಿಗೇ ತನ್ನ ಬಗ್ಗೆ ನಾಚಿಕೆಯಾಯಿತು. ಆದರೆ ಹರಪನಹಳ್ಳಿಯ ಆ ಬಿಳಿ ಕೋಟಿನವನೂ ನಗುನಗುತ್ತಲೇ ಕೊಟ್ಟಿದ್ದನಲ್ಲ?

ಮತ್ತೆ ಅವರಿಬ್ಬರೂ ಹೊರಟ ದಿನ, ಮಗಳನ್ನು ಅಂಗಡಿಯಲ್ಲಿ ಕೂರಿಸಿ ಅವರ ಹಿಂದೆಯೇ ಬಂದ ಇನ್ನೊಂದು ಬಸ್ಸು ಹತ್ತಿದಳು. ಹರಪನಹಳ್ಳಿಯಲ್ಲಿ ಇಳಿದು, ಎರಡು ಕಡೆ ಕಟ್ಟೆಯ ಮೇಲೆ ಕೂತು ಉಸಿರು ಸುಧಾರಿಸಿಕೊಂಡು, ಆ ಬೋರ್ಡಿನ ಎದುರಿನ ಜೆರಾಕ್ಸ್ ಅಂಗಡಿಯ ನೆರಳಲ್ಲಿ ನಿಂತಳು. ಸ್ವಲ್ಪ ಹೊತ್ತಿಗೆ ಮಾಳಿಗೆಯ ಬಾಗಿಲು ತೆರೆಯಿತು. ಮುಂದೆ ಶಹಜಾನಬಿ, ಹಿಂದೆ ತನ್ನ ಗಂಡ. ಅವರನ್ನು ಕಳಿಸಿಕೊಡಲು ತೂಕದ ಡಾಕ್ಟರು ಸ್ವತಃ ಬಾಗಿಲವರೆಗೆ ಬಂದಿದ್ದ. ಗುರುಶಾಂತಪ್ಪ ಕೈಮುಗಿದ. ಮೂವರೂ ನಕ್ಕರು.

ಡಾಕ್ಟರು ಒಳಗೆ ಹೋಗಿ, ಅವರಿಬ್ಬರೂ ಮೆಟ್ಟಿಲಿಳಿಯುತ್ತಲೇ ನಾಗಲಿಂಗಮ್ಮ ರಸ್ತೆ ದಾಟಿ ಅವರ ಮುಂದೆ ಹೋಗಿ ನಿಂತಳು. ಏದುಸಿರು ಬಿಡುತ್ತಲೇ ಕೇಳಿದಳು:

"ಎಷ್ಟಕ್ಕ ಮಾರಿದ್ರಿ ನನ್ನ?"

ಗುರುಶಾಂತಪ್ಪ ಹೌಹಾರಿದ. ಶಹಜಾನಬಿ ಅವಳ ರಟ್ಟೆ ಹಿಡಿದು ಬಸ್ ನಿಲ್ದಾಣದ ಕಲ್ಲುಬೆಂಚಿನವರೆಗೆ ನಡೆಸಿಕೊಂಡು ಹೋದಳು, ಕೂರಿಸಿದಳು, ನೀರು ಕುಡಿಸಲು ಹೋದರೆ ನಾಗಲಿಂಗಮ್ಮ ಮುಖ ತಿರುಗಿಸಿದಳು. ಆಗ ಶಹಜಾನಬಿ ತನ್ನ ಬುರ್ಖಾದೊಳಗಿಂದ ಒಂದು ಬಿಳಿ ಡಬ್ಬಿ ತೆಗೆದು ಅವಳ ಮಡಿಲಿಗೆ ಎಸೆದಳು. ಅದರ ಮೇಲೂ ಹೆಸರಿರಲಿಲ್ಲ. ಒಳಗೆ ಅದೇ ಹಳದಿ, ಕಂದು.

"ಔಷಧಿ ಕೊಡಾದೇ ಇಲ್ಲ ಅಂತ ಬರದಾನಲ್ಲ ಅಂವ, ತಗಾ. ನನಗ ಕೊಟ್ಟಾನ. ಮೊನ್ನಿ ಬಂದ್ರ ತೂಕ ಅಷ್ಟ ನೋಡಿ ಇವತ್ತು ಬಾ ಅಂದ. ನನ್ನ ತೂಕ ಆ ಮಷೀನಿನ ಮ್ಯಾಲ ಊರಿಗೆಲ್ಲ ಕೇಳಂಗ ಕೂಗಿ ಹೇಳ್ದ. ಅಷ್ಟು ಅನ್ನಿಸ್ಕಂಡು ಬಂದೀನಿ ನಿನ್ನ ಸಲುವಾಗಿ. ಎಷ್ಟಕ್ಕ ಮಾರಿದ್ರಿ ಅಂತಿಯೇನು?"

"ನಾನು ಈಕಿ ಅಣ್ಣನ ದೋಸ್ತ ಅಂತ ಹೇಳ್ಕಂಡು ಬಂದೆ. ನನ್ನ ಮುಖ ಅಂವ ನೋಡಿದ್ದಿಲ್ಲ. ನಿಂಗ ಹೇಳಿದ್ರ ನೀನೂ ಬರ್ತೀನಿ ಅಂತಿದ್ದಿ" ಎಂದ ಗುರುಶಾಂತಪ್ಪ, ನೆಲ ನೋಡುತ್ತ.

ನಾಗಲಿಂಗಮ್ಮ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಳು ಬಂತು. ಶಹಜಾನಬಿ ಕೊಟ್ಟ ನೀರನ್ನು ಗಟಗಟನೆ ಕುಡಿದಳು. ಕೊಟ್ಟೂರು ಬಸ್ಸಿನಲ್ಲಿ ಶಹಜಾನಬಿಯ ಪಕ್ಕವೇ ಕೂತಳು. ಆದರೆ ಶಹಜಾನಬಿ ಆ ಮಾತನ್ನು ಮರೆಯಲು ಬಹಳ ಕಾಲ ಹಿಡಿಯಿತು, ಅಂಗಡಿಗೆ ಚಹಾ ತರುವುದನ್ನು ಬಿಟ್ಟಳು.

ಹೊಸ ಡಬ್ಬಿಯನ್ನೂ ಪ್ರವೀಣಕುಮಾರ್ ಶಹಜಾನಬಿಯ ಪ್ರಮಾಣಪತ್ರದೊಂದಿಗೆ ವೇದಿಕೆಗೆ ಸಲ್ಲಿಸಿದ. ಎರಡೂ ಪ್ರಯೋಗಾಲಯಕ್ಕೆ ಹೋದವು. ವರದಿ ಬಂದ ದಿನ ಅವನ ಮುಖ ಸಪ್ಪಗಿತ್ತು. ಹಳೆಯ ಡಬ್ಬಿಯಲ್ಲಿ ಹಸಿವು ಕೊಲ್ಲುವ ಆ ರಾಸಾಯನಿಕ ಸಿಕ್ಕಿತ್ತು. ಹೊಸದರಲ್ಲಿ ಬರೀ ಗಿಡಮೂಲಿಕೆ, ಒಂದು ಕಣವೂ ಬೇರೆಯದಿಲ್ಲ.

"ಅಂವಗ ಯಾರೋ ಹೇಳ್ಯಾರ" ಎಂದಳು ನಾಗಲಿಂಗಮ್ಮ ತಕ್ಷಣ. ಈ ಸಲ ಗಂಡನ ಕಡೆಗಾಗಲಿ ಗೆಳತಿಯ ಕಡೆಗಾಗಲಿ ನೋಡಲಿಲ್ಲ.

"ಕೇಸು ಬಿತ್ತು ಅಂತ ತಾನೇ ಬದಲಿಸಿರ್ತಾನೆ" ಎಂದ ವಕೀಲ. "ಆದರೆ ಇದು ಅವರಿಗೇ ಅನುಕೂಲ."

ಅನುಕೂಲವೆಂದೇ ಎದುರು ವಕೀಲರೂ ತಿಳಿದರು. ವಿಚಾರಣೆಯ ದಿನ ಹೊಸ ಡಬ್ಬಿಯ ವರದಿಯನ್ನು ಬಾವುಟದಂತೆ ಎತ್ತಿ ಹಿಡಿದು, "ದೂರುದಾರಳ ಕಡೆಯವರೇ ನಮ್ಮ ಕಕ್ಷಿದಾರರಿಂದ ತಂದ ಕ್ಯಾಪ್ಸೂಲುಗಳಿವು. ಶುದ್ಧ ಗಿಡಮೂಲಿಕೆ. ನಮ್ಮ ಕಕ್ಷಿದಾರರು ಎಲ್ಲರಿಗೂ ಕೊಡುವುದು ಇದನ್ನೇ, ಬೇರೆ ಏನನ್ನೂ ಅಲ್ಲ" ಎಂದು ವಾದಿಸಿದರು. ತೂಕದ ಡಾಕ್ಟರು ಬೆಂಚಿನಲ್ಲಿ ಕೂತು ತಲೆಯಾಡಿಸುತ್ತಿದ್ದ.

ತೀರ್ಪು ಕೊಡುವ ವೇದಿಕೆಯ ಮೂವರು ಸದಸ್ಯರಲ್ಲಿ ಒಬ್ಬರು ಹೆಂಗಸು. ಕಡತ ತಿರುವಿ, "ಔಷಧಿ ಕೊಡೋದೇ ಇಲ್ಲ ಅಂತ ಪ್ರಮಾಣ ಮಾಡಿದ್ದೀರಲ್ಲ? ಈಗ ಎಲ್ಲರಿಗೂ ಕೊಡ್ತೀವಿ ಅಂತೀರಿ. ಎರಡರಲ್ಲಿ ಯಾವುದು ಸುಳ್ಳು?" ಎಂದರು.

ಒಂದೇ ತರಹದ ಹೆಸರಿಲ್ಲದ ಡಬ್ಬಿ, ಒಂದೇ ಬಣ್ಣದ ಕ್ಯಾಪ್ಸೂಲು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮೂವರು ಸದಸ್ಯರೂ ನೋಡಿದರು. ಹೊರಗೆ ಬಂದ ಮೇಲೆ ನಾಗಲಿಂಗಮ್ಮ ಪ್ರವೀಣಕುಮಾರನನ್ನು ಕೇಳಿದಳು: "ಅವ್ರು ಹಂಗ ಅಂತಾರ ಅಂತ ನಿಮಗ ಮೊದ್ಲ ಗೊತ್ತಿತ್ತೇನ್ರಿ?" ಅವನು ಕೋಟಿನ ಗುಂಡಿ ಬಿಚ್ಚುತ್ತ, "ಊಟ ಆಯ್ತಾ ಅಮ್ಮ?" ಎಂದ. ಅದೂ ಅವಳಿಗೆ ಎಂದಿಗೂ ತಿಳಿಯಲಿಲ್ಲ.

ತೀರ್ಪು ಅವಳ ಪರವಾಗಿ ಬಂತು. ಹೆಸರು ಹೇಳದೆ ಅಪಾಯದ ಔಷಧಿ ಕೊಟ್ಟದ್ದು, ಪ್ರಮಾಣ ಮಾಡಿ ಸುಳ್ಳು ಹೇಳಿದ್ದು ಎರಡೂ ಸಾಬೀತಾಗಿವೆ, ಪರಿಹಾರ ಕೊಡಬೇಕು ಎಂದು. ತೂಕದ ಡಾಕ್ಟರು ಬೆಂಗಳೂರಿನ ರಾಜ್ಯ ಗ್ರಾಹಕರ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಿದ. ಅಲ್ಲಿ ತೀರ್ಪು ಅರ್ಧ ನಿಂತಿತು. ಔಷಧಿ ಕೊಟ್ಟದ್ದು ತಪ್ಪು, ಚಿಕಿತ್ಸೆಯ ಖರ್ಚು ಕೊಡಲೇಬೇಕು. ಆದರೆ ಕವಾಟ ಕೆಟ್ಟದ್ದು ಆ ಔಷಧಿಯಿಂದಲೇ ಎಂದು ಖಚಿತವಾಗಿ ಹೇಳಲಾಗದು, ಬಾಲ್ಯದ ಜ್ವರದ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

"ಅಂದ್ರ ಗೆದ್ದೆವೋ ಸೋತೆವೋ?" ಎಂದ ಗುರುಶಾಂತಪ್ಪ.

"ಕೊಟ್ಟಾಂವ ಅಂವ ಅಂತ ಒಪ್ಕಂಡ್ರು. ನನಗ ಏನಾತು ಅಂತ ಒಪ್ಕಳ್ಳಿಲ್ಲ" ಎಂದಳು ನಾಗಲಿಂಗಮ್ಮ. ಆಮೇಲೆ ಬಹಳ ದಿನ ಅವಳು ತವರಿನ ಕಡೆಯ ಹಳಬರನ್ನು ಕಂಡಾಗಲೆಲ್ಲ, ತಾನು ಚಿಕ್ಕವಳಿದ್ದಾಗ ಜ್ವರ ಬಂದು ಕೀಲು ಊದಿದ್ದು ನೆನಪಿದೆಯೇ ಎಂದು ವಿಚಾರಿಸುತ್ತಿದ್ದಳು. ಒಬ್ಬ ಮುದುಕಿ ಬಂದಿತ್ತು ಎಂದಳು, ಇನ್ನೊಬ್ಬಳು ಅದು ನಿನ್ನ ಅಕ್ಕನಿಗೆ ಎಂದಳು. ತನ್ನ ಎದೆಯೊಳಗಿನ ಬಾಗಿಲನ್ನು ಯಾರು ಕೆಡಿಸಿದರು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಬಾಣಲೆಯ ಮುಂದೆ ನಿಲ್ಲುವುದು ನಿಂತುಹೋಯಿತು. ದಿನವೂ ಗುಳಿಗೆ ನುಂಗಬೇಕಾಗಿತ್ತು. ಪ್ರತಿಯೊಂದರ ಹಾಳೆಯ ಮೇಲಿನ ಹೆಸರನ್ನು ಗೀತಾಂಜಲಿಯಿಂದ ಓದಿಸಿ, ಮೆಡಿಕಲ್ ಅಂಗಡಿಯವನ ಬಾಯಿಂದ ಇನ್ನೊಮ್ಮೆ ಹೇಳಿಸಿ, ಆಮೇಲೆ ನುಂಗುತ್ತಿದ್ದಳು. ತೂಕ ಮೊದಲಿನಷ್ಟೇ ಆಯಿತು. ಅದರ ಬಗ್ಗೆ ಯಾರು ಏನೆಂದರೂ ತಲೆ ಕೆಡಿಸಿಕೊಳ್ಳಲಿಲ್ಲ. ಶಹಜಾನಬಿ ಒಂದು ರಂಜಾನಿಗೆ ಹಾಲು-ಶಾವಿಗೆಯ ಸುರಕುಂಬಾ ತಂದುಕೊಟ್ಟಳು. ನಾಗಲಿಂಗಮ್ಮ ಅವಳೆದುರಿಗೇ, ಅವಳು ಬೇಡವೆನ್ನುವಷ್ಟು ಕುಡಿದಳು.

ಹರಪನಹಳ್ಳಿಯ ಮಾಳಿಗೆ ಖಾಲಿಯಾಗಿ ವರ್ಷ ಕಳೆದ ಮೇಲೆ, ಹಗರಿಬೊಮ್ಮನಹಳ್ಳಿಯಲ್ಲಿ ಅಂಥದೇ ಒಂದು ಅಂಗಡಿ ತೆರೆದಿದೆಯೆಂಬ ಸುದ್ದಿ ಬಂತು. ನಾಗಲಿಂಗಮ್ಮ ಶಹಜಾನಬಿಯನ್ನು ಕರೆದುಕೊಂಡು ಬಸ್ಸು ಹತ್ತಿದಳು. ಒಳಗಿದ್ದವನು ಬೇರೆ ಮನುಷ್ಯ, ಎಳೆಯ ಪ್ರಾಯದವನು, ನಗುಮೊಗ.

"ಇದ್ರಾಗ ಏನೈತ್ರಿ?" ಎಂದಳು.

"ಎಲ್ಲ ಗಿಡಮೂಲಿಕೆ ಅಮ್ಮ."

"ಯಾವ ಗಿಡ? ಹಾಳಿ ಮ್ಯಾಲ ಬರದು ಸಹಿ ಮಾಡಿ ಕೊಡ್ರಿ."

ಅವನ ನಗು ನಿಂತಿತು. ಸಹಿ ಮಾಡಲಿಲ್ಲ. ನಾಗಲಿಂಗಮ್ಮ ಹೊರಗೆ ಬಂದು, ಬೆಂಚಿನಲ್ಲಿ ಸರದಿಗೆ ಕಾದಿದ್ದ ಹೆಂಗಸರ ನಡುವೆ ಜಾಗ ಮಾಡಿಸಿಕೊಂಡು ಕೂತಳು. ಉಸಿರು ಹದಕ್ಕೆ ಬರುತ್ತಲೇ, ಪಕ್ಕದಲ್ಲಿದ್ದ ಚಿಕ್ಕ ವಯಸ್ಸಿನ ಹುಡುಗಿಯ ಕೈ ಮೇಲೆ ಕೈಯಿಟ್ಟು, "ಯಾವೂರವ್ವ ನಿಂದು?" ಎಂದು ಮಾತಿಗೆ ಶುರು ಮಾಡಿದಳು.